ಹೆಸರು ಹೇಳಿ ಹಾಕುವ ಗಂಟು

ನಾನು ಓದಿದ್ದು ಕನ್ನಡ ಶಾಲೆಯ ಮೂರನೆಯ ಇಯತ್ತೆವರೆಗೆ. ಆದರೂ ನನ್ನದೊಂದು ಸುಳ್ಳು ದಪ್ಪ ರಟ್ಟಿನ ಪುಸ್ತಕದಲ್ಲಿ ಅಚ್ಚಾಗಿದೆ. ಕಲಿತವರಲ್ಲಿ ಎಷ್ಟು ಮಂದಿಗೆ ಈ ಭಾಗ್ಯವಿದೆಯೋ ತಿಳಿಯದು. ಇದ್ದರೂ ಅವರು ಹೇಳಿಕೊಳ್ಳುವುದಿಲ್ಲ.

ಸುಳ್ಳು ಕೌದಿಯದು. ನಮ್ಮ ಶೇಗಾಂವದ ಓಣಿಯಲ್ಲಿ ಕೌದಿ ಹೊಲಿಯುವುದೆಂದರೆ ನಾಲ್ಕು ಮನೆಯ ಹಳೆ ಸೀರೆಗಳು ಒಂದಾಗುವುದು. ಕಡೆಯ ಮೂಲೆ ಮುಚ್ಚುವಾಗ ಯಾರ ಬಟ್ಟೆ ಒಳಗೆ ಹೋಗಿದೆ, ಯಾರ ಕೈ ಆಡಿದೆ ಎಂದು ಒಂದೊಂದೇ ಹೆಸರನ್ನು ಬಾಯಿಬಿಟ್ಟು ಹೇಳಿ ಗಂಟು ಹಾಕಬೇಕು. ಹೆಸರು ಹೇಳದ ಕೌದಿ ಹೊದ್ದರೆ ಮೈ ತುರಿಸುತ್ತದೆ ಅನ್ನುತ್ತಿದ್ದಳು ನನ್ನ ಅತ್ತೆ. ಅವಳ ಕೌದಿಯಲ್ಲಿ ತಿಗಣೆ ಇದ್ದವು, ಆ ಮಾತು ಬೇರೆ.

ಓಣಿಗೆ ಎಸ್.ಟಿ.ಡಿ. ಫೋನಿನ ಡಬ್ಬ ಬರುವ ಮೊದಲು ಒಬ್ಬ ಪ್ರೊಫೆಸರರು ಬಂದಿದ್ದರು. ನನ್ನ ಕಟ್ಟೆಯ ಮೇಲೆ ಕೂತು, ಎರಡು ಕಪ್ ಚಹಾ ಕುಡಿದು, ನನ್ನ ಕೌದಿಯ ಮೂಲೆಗಳಲ್ಲಿದ್ದ ಬೇವಿನೆಲೆ ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡಿದರು.

"ಇದನ್ನ ಯಾರು ಕಲಿಸ್ಯಾರ್ರಿ, ಅವ್ವಾರ?"

ಕಲಿಸಿದವಳು ಎದುರು ಮನೆಯ ಅಮೀನಾಬಿ. ಮೂರು ಸಲ ತಪ್ಪಿ, ಮೂರು ಸಲವೂ ಬೈಸಿಕೊಂಡು ಕಲಿತಿದ್ದೆ. ಆದರೆ ಅಷ್ಟು ದೊಡ್ಡ ಮನುಷ್ಯ ನಮ್ಮ ಕೈ ಹೊಗಳುತ್ತಿರುವಾಗ ಎದುರು ಮನೆ ಯಾರಿಗೆ ಕಾಣುತ್ತದೆ? "ಯಾರೂ ಕಲಿಸಿಲ್ರಿ. ಕೈಗೆ ತಾನಾ ಬರ್ತದ" ಎಂದುಬಿಟ್ಟೆ. ಅವರು ಬರೆದುಕೊಂಡರು.

ಹತ್ತು ಹನ್ನೆರಡು ವರ್ಷಗಳಾದ ಮೇಲೆ ಆ ಸುಳ್ಳು ನನ್ನ ಮನೆಗೇ ತಿರುಗಿ ಬಂತು. ಮೊಮ್ಮಗಳು ಸುನಂದಾ ಕಾಲೇಜಿಗಾಗಿ ಕೌದಿಯ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಅದರ ಒಂದು ಪುಟ ಓದಿ ಹೇಳಿದಳು: ಬೇವಿನೆಲೆ ಹೊಲಿಗೆಯನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಈ ಸೀಮೆಯ ಹೆಂಗಸರ ಕೈಗೆ ಅದು ತಾನಾಗಿ ಬರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರೊಫೆಸರರ ಹೆಸರು, ಪುಸ್ತಕದ ಹೆಸರು, ಪುಟ.

"ಅಯ್ಯ, ಇದು ನಾ ಹೇಳಿದ್ದು!"

"ಪುಸ್ತಕದಾಗ ಐತಿ, ಆಯಿ."

"ಪುಸ್ತಕದಾಗ ಹ್ಯಾಂಗ ಹೋತು? ನನ್ನ ಕಟ್ಟಿ ಮ್ಯಾಲಿಂದ ಹೋತು. ನನ್ನ ಬಾಜೂಕ ಮಲಗಾಕಿ, ನನ್ನ ಮಾತು ಕೇಳಾಕ ಲೈಬ್ರರಿಗೆ ಹೋಗಿದ್ದೇನ?"

ನಿಜ ಏನೆಂದು ಹೇಳಿದೆ. ಸೋಮವಾರ ಪ್ರಬಂಧ ಕೊಡಬೇಕು, ಗೈಡ್ ಸರ್ ಅಚ್ಚಾದ ಪುರಾವೆ ಇಲ್ಲದೆ ಒಪ್ಪುವುದಿಲ್ಲ ಅಂದಳು.

"ಸುಳ್ಳು ಹೇಳಿದಾಕೀನ ಇದು ಸುಳ್ಳಂತ ಹೇಳಾಕತ್ತೀನಿ. ಇನ್ನೆಂಥಾ ಪುರಾವಾ ಬೇಕು ನಿಮ್ಮ ಸರಗ? ಅಮೀನಾಬಿ ಹೆಸರು ಬರೀಲಿಲ್ಲಂದ್ರ ನನ್ನ ಕೌದಿ ಫೋಟೋ ಎಲ್ಲಾ ತಗದು ಹಾಕು."

ಫೋಟೋ ತೆಗೆದುಹಾಕಿದರೆ ಪ್ರಬಂಧದಲ್ಲಿ ಉಳಿಯುವುದು ಬರೀ ರಟ್ಟು. ಅದು ನನಗೂ ಗೊತ್ತಿತ್ತು.

ಕಲಿತವರ ಪದ್ಧತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಇನ್ನೊಬ್ಬರ ಮಾತು ತಂದರೆ ಅದರ ಎರಡೂ ಕಡೆ ಪುಟ್ಟ ಗುರುತು ಹಾಕುತ್ತಾರೆ, ಬೇರೆ ಸೀರೆಯ ತುಂಡಿನ ಸುತ್ತ ನಾವು ಹೊಲಿಗೆ ಓಡಿಸುವ ಹಾಗೆ. ಕೆಳಗೆ ಹೆಸರನ್ನೂ ಬರೆಯುತ್ತಾರೆ. ಆದರೆ ಅವರಲ್ಲಿ ಮನುಷ್ಯನಿಗೆ ಹೆಸರು ಹುಟ್ಟುವುದು ಅಚ್ಚಾದ ಮೇಲೆ. ಅಲ್ಲಿಯವರೆಗೆ ನಾವೆಲ್ಲ 'ಜನಪದ'. ಮತದಾರರ ಯಾದಿಯಲ್ಲಿ ನನಗೆ ಹೆಸರಿದೆ, ರೇಷನ್ ಕಾರ್ಡಿನಲ್ಲಿ ಹೆಸರಿದೆ. ಜನಪದ ಎಂದು ಕೂಗಿ ಯಾರೂ ನನಗೆ ಒಂದು ಕಿಲೋ ಸಕ್ಕರೆ ಕೊಟ್ಟಿಲ್ಲ.

ಮೊಮ್ಮಗಳನ್ನು ಕರೆದುಕೊಂಡು ಎದುರು ಮನೆಗೆ ಹೋದೆ. ಅಮೀನಾಬಿಗೆ ಕಣ್ಣು ಮಂಜಾಗಿ, ಅವಳು ಸೂಜಿ ಬಿಟ್ಟು ಎರಡು ವರ್ಷವಾಗಿತ್ತು. ಇನ್ನು ಆ ಹೊಲಿಗೆ ಅವಳದೆಂದು ಅವಳ ಕೈ ತೋರಿಸಿಕೊಡುವಂತಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

"ತೌಬಾ! ಚಹಾ ಕುಡಿದು ಮಾರೂ ಮಂದೀನ ನೋಡೀನಿ, ಗಂಗವ್ವ. ನೀ ಚಹಾ ಕುಡಿಸಿ ನನ್ನ ಮಾರಿದಿ!"

ಬೈದಳು, ನಕ್ಕಳು. ಹೊದ್ದಿದ್ದ ಕೌದಿಯ ಮೂಲೆಯನ್ನು ಬೆರಳಿನಲ್ಲಿ ತಡಕಿ, "ಬರೂದಿದ್ರ ನೆಟ್ಟಗ ಬರೀ, ಮಗಳ" ಅಂದಳು. "ನನಗ ಕಲಿಸಿದಾಕಿ ವಳಸಂಗದ ಖಾಲಾ, ನಮ್ಮವ್ವನ ತಂಗಿ ಹುಸೇನಬಿ. ಆಕಿನ್ನ ಬಿಟ್ಟು ನಾ ಒಬ್ಬಾಕೀನ ಕುಂತ್ರ ನಾನೂ ನಿಮ್ಮ ಆಯಿ ಹಂಗ ಆದೆ."

ಸುನಂದಾ ತಲೆಯ ಮೇಲೆ ಕೈ ಹೊತ್ತಳು. "ಹಿಂಗ ಹಿಂದ ಹಿಂದ ಹೋದ್ರ ಮುಗಿಯೂದು ಎಲ್ಲಿ, ಆಯಿ?"

"ಗೊತ್ತಿದ್ದಷ್ಟು ಬರಿ. ಗೊತ್ತಿಲ್ಲದ ಕಡೆ ಗೊತ್ತಿಲ್ಲಂತ ಬರಿ. ತಾನಾ ಬಂತು ಅಂತ ಮಾತ್ರ ಬರೀಬ್ಯಾಡ. ತಾನಾ ಬರೂದು ಹೊಲದಾಗಿನ ಕಸ ಒಂದ" ಎಂದೆ.

ಅವಳು ಬರೆದಳು. ಪುಟದ ಕೆಳಗೆ ಅಮೀನಾಬಿ, ಅವಳ ಹಿಂದೆ ವಳಸಂಗದ ಹುಸೇನಬಿ, ಅದಕ್ಕೂ ಹಿಂದಿನವರು ತಿಳಿದಿಲ್ಲ. ಅದರ ಕೆಳಗೆ, ನಾನು ಎದುರು ಕೂತು ಬರೆಸಿದ ಇನ್ನೊಂದು ಸಾಲು: ಹಿಂದಿನ ಪುಸ್ತಕದ ತಪ್ಪಿಗೆ ಕಾರಣ ಪ್ರಬಂಧಕಾರ್ತಿಯ ಅಜ್ಜಿ ಗಂಗವ್ವ ಹೇಳಿದ ಸುಳ್ಳು.

ಗೈಡ್ ಸರ್ ಮುಖ ಸಿಂಡರಿಸಿದರಂತೆ. ಎರಡು ಸಲ ಓದಿ ಅಮೀನಾಬಿಯನ್ನೂ ಹುಸೇನಬಿಯನ್ನೂ ಒಪ್ಪಿದರಂತೆ. ಆದರೆ ಅಜ್ಜಿಯ ಮರ್ಯಾದೆಯ ಪ್ರಶ್ನೆ, ಆ ಕೊನೆಯ ಸಾಲು ತೆಗೆದುಬಿಡು ಅಂದರಂತೆ. ನಾನು ಮೊಮ್ಮಗಳ ಕೈಯಲ್ಲೇ ಹೇಳಿ ಕಳಿಸಿದೆ: ಹೊಲಿಗೆ ಅಮೀನಾಬಿಯದು, ಸುಳ್ಳು ನನ್ನದು. ನನ್ನದನ್ನು ಒಯ್ದು ಜನಪದಕ್ಕೆ ಸೇರಿಸಬೇಡಿ.