ಬಲೆ ಹಿಡಿಯುತ್ತಿದ್ದ ಹೆಬ್ಬೆರಳು

ಕೋಡಿಯ ಶೀನ ಮೊಗವೀರ ಹರಿದ ಮೀನುಬಲೆಗಳನ್ನು ಮೂವತ್ತು ವರ್ಷ ಕಟ್ಟಿ ಸರಿಮಾಡಿದವನು. ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದುಕೊಳ್ಳುವುದು, ಗಂಟು ಹಾಕಿ ನೂಲನ್ನು ಹಲ್ಲಿನಿಂದ ಕಡಿಯುವುದು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಒಸಡಿನಲ್ಲಿ ರಕ್ತ ಬಂದರೆ ನೂಲು ತಾಗಿತೆಂದು ಉಗಿದು ಸುಮ್ಮನಾಗುತ್ತಿದ್ದ.

೨೦೦೬ರಲ್ಲಿ ಅದೇ ಹೆಬ್ಬೆರಳನ್ನು ನೂಲು ಕೊಯ್ದಿತು. ಅವನಿಗೆ ಮೊದಲೇ ಸಕ್ಕರೆ ಕಾಯಿಲೆ. ಎಷ್ಟು ಮಾತ್ರೆ ನುಂಗಿದರೂ ರಕ್ತದ ಸಕ್ಕರೆ ಇಳಿಯಲಿಲ್ಲ, ಗಾಯ ಒಣಗಲಿಲ್ಲ.

"ಹ್ವಾಯ್, ಬಾಯಿ ವಾಸ್ನಿ ಬತ್ತಿತ್. ಅದನ್ನೂ ಡಾಕ್ಟ್ರಿಗ್ ತೋರ್ಸಿ," ಎಂದಳು ಹೆಂಡತಿ ಗಿರಿಜ.

"ಗಾಯ ಆದ್ದ್ ಕಾಲಿಗ್. ಬಾಯಿ ಎಂತಕ್ ತೋರ್ಸುದ್?" ಎಂದು ಗದರಿದ.

ಕೊನೆಗೆ ಕುಂದಾಪುರದ ಡಾಕ್ಟರೇ ಬಾಯಿ ತೆರೆಸಿದರು. ಒಸಡಿನ ತುಂಬ ಕೀವು, ಹಲ್ಲೆಲ್ಲ ಸಡಿಲ. "ಈ ಕೀವೂ ಸಕ್ಕರೆ ಇಳಿಯಲು ಬಿಡುವುದಿಲ್ಲ ಮಾರಾಯ್ರೆ. ಮೊದಲೇ ತೋರಿಸಬಾರದಿತ್ತಾ?"

ಅಷ್ಟರಲ್ಲಿ ಬೆರಳು ಕಪ್ಪಾಗಿತ್ತು. ಬೆರಳನ್ನು ಕತ್ತರಿಸಿದರು, ಹಲ್ಲುಗಳನ್ನೆಲ್ಲ ಕಿತ್ತರು.

ಮನೆಗೆ ಬಂದವನು ಜಗಲಿಯಲ್ಲಿ ಕೂತು ಬಲೆಯನ್ನು ಕಾಲಿಗೆ ಸಿಕ್ಕಿಸಲು ಹೋದ. ಅದು ಜಾರಿ ಬಿತ್ತು. ಗಿರಿಜ ಎದುರು ಕೂತು ಕಾಲು ಚಾಚಿ, ಬಲೆಯನ್ನು ತನ್ನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಳು. ಶೀನ ಗಂಟು ಹಾಕಿದ. ಆಮೇಲೆ ಎಂದಿನಂತೆ ನೂಲನ್ನು ಬಾಯಿಗೆ ಒಯ್ದ.

ನೂಲು ಎಂಜಲಾಯಿತು, ತುಂಡಾಗಲಿಲ್ಲ.