ಮೇಲಿನ ಹೊಲಕ್ಕೆ ಬುತ್ತಿ

ಕುಷ್ಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುವ ಹೆಂಗಸಿಗೆ ನಾಲ್ಕೂ ಗಾಲಿ ಎಳೆಯುವ ಜೀಪು ಯಾಕೆ ಬೇಕು ಎಂದು ಕೇಳದವರು ನಮ್ಮ ಬಳಗದಲ್ಲಿ ಯಾರೂ ಉಳಿದಿರಲಿಲ್ಲ. ರೈತರ ಹೊಲಗಳಿಗೆ ಹೋಗಬೇಕಾಗುತ್ತದೆ, ಮಳೆಗಾಲದಲ್ಲಿ ಎರೆ ಭೂಮಿಯಲ್ಲಿ ಕಾರು ಹೂತುಹೋಗುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಏನೆಂದರೆ ನನಗೆ ಆ ಗಾಡಿಯ ಮೇಲೆ ಆಸೆಯಿತ್ತು, ಅಷ್ಟೇ. ಅದು ಯಾರಿಗಾದರೂ ನಿಜವಾಗಿ ಬೇಕಾದದ್ದು ಮೊದಲ ಸಲ ನಮ್ಮ ದೊಡ್ಡವ್ವನಿಗೆ.

ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ. ಹಿಟ್ನಾಳದ ಹತ್ತಿರದ ಹಳ್ಳಿಯೊಂದರಲ್ಲಿ ಮಗ-ಸೊಸೆಯ ಜೊತೆ ಇದ್ದಾಳೆ. ಊರ ಕೆಳಗಿನ ಹೊಲವಲ್ಲದೆ, ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ, ಬಂಡೆಗಳ ನಡುವೆ, ಅವರದೊಂದು ತುಂಡು ಹೊಲವಿದೆ. ದೊಡ್ಡಪ್ಪ ಇರುವವರೆಗೆ ಅಲ್ಲಿ ಹುರುಳಿ ಬಿತ್ತುತ್ತಿದ್ದ. ಅವನು ತೀರಿಕೊಂಡ ಮೇಲೆ ಯಾರೂ ಮೇಲೆ ಹೋಗಿಲ್ಲ. ದೊಡ್ಡವ್ವನ ಮೊಣಕಾಲುಗಳಂತೂ ಮನೆಯ ಹೊಸ್ತಿಲು ದಾಟುವುದಕ್ಕೂ ತಕರಾರು ಮಾಡುತ್ತವೆ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುತ್ತೇವೆ. ಭೂಮಿ ಬಸುರಿ, ಮೊದಲು ಆಕೆಗೆ ಉಣಿಸಿ ಆಮೇಲೆ ನಾವು ಉಣ್ಣಬೇಕು. ಒಬ್ಬರು ಮುಂದೆ ಅನ್ನ, ಕಡುಬು ಚೆಲ್ಲುತ್ತ 'ಹುಲಿಗ್ಯೋ' ಎಂದು ಕೂಗಿದರೆ, ಹಿಂದೆ ಬರುವವರು ನೀರು ಚಿಮುಕಿಸುತ್ತ ದನಿಗೂಡಿಸಬೇಕು. ದೊಡ್ಡವ್ವ ಮೂರು ವರ್ಷದಿಂದ ಆ ದಿನ ಕಡುಬು ಮುಟ್ಟಿಲ್ಲ ಎಂಬುದು ನನಗೆ ತಿಳಿದದ್ದು ಹಬ್ಬಕ್ಕೆ ಸ್ವಲ್ಪ ಮೊದಲು, ಅವಳ ಸೊಸೆಯ ಬಾಯಿಂದ. ಪಿತ್ತ ಆಗೈತಿ ಎಂದು ನೆಪ ಹೇಳಿ ಮಜ್ಜಿಗೆ ಕುಡಿದು ಮಲಗಿಬಿಡುತ್ತಾಳಂತೆ.

ದೊಡ್ಡವ್ವನನ್ನೇ ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಕೆಳಗಿನಾಕಿಗೆ ಉಣಿಸ್ತೀವಿ, ಮ್ಯಾಲಿನಾಕಿ ಉಪಾಸ ಅದಾಳ. ನನಗ ಹೆಂಗ ಗಂಟಲದಾಗ ಇಳಿಬೇಕು?"

"ಬಿತ್ತಲಾರದ ಹೊಲ ಅದು. ಅದೆಂಥಾ ಬಸುರಬೇ?" ಎಂದ ಅವಳ ಮಗ.

"ಹುಲ್ಲು ಹಡದಾಳಲ್ಲ? ಹುಲ್ಲು ಬೆಳಿ ಅಲ್ಲೇನು? ಹೋಗಿ ಕುರಿ ಕೇಳು."

ಕೇಳಲು ಅವನ ಹತ್ತಿರ ಕುರಿ ಇರಲಿಲ್ಲ. ನನ್ನ ಹತ್ತಿರ ಜೀಪು ಇತ್ತು.

ಹಬ್ಬದ ಬೆಳಿಗ್ಗೆ ಮಗ-ಸೊಸೆ ಕೆಳಗಿನ ಹೊಲಕ್ಕೆ ಹೋದರು. ದೊಡ್ಡವ್ವನನ್ನು ಹೇಗೋ ಎತ್ತಿ ಮುಂದಿನ ಸೀಟಿಗೆ ಏರಿಸಿದೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಕಡುಬು, ಎಲ್ಲ ತುಂಬಿದ ಬುಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಳು. ಮನೆಯಿಂದ ಎತ್ತಿದ ಚರಗದ ಬುತ್ತಿಯನ್ನು ಹೊಲ ಮುಟ್ಟುವ ತನಕ ಕೆಳಗೆ ಇಡುವ ಹಾಗಿಲ್ಲ. ಅವರ ಮನೆಯ ರೀತಿ ಅದು. ಹಿಂದಿನ ಸೀಟಿನಲ್ಲಿ ಇಡೋಣ ಅಂದದ್ದಕ್ಕೆ ನನ್ನನ್ನು ನೋಡಿದ ನೋಟಕ್ಕೆ ಇಂಜಿನ್ನೂ ಬಂದ್ ಆಗಬೇಕಿತ್ತು.

ಅರ್ಧ ಗುಡ್ಡದವರೆಗೆ ಕುರಿಯವರ ದಾರಿ ಇತ್ತು. ಫೋರ್ ವೀಲ್ ಹಾಕಿ, ಸಣ್ಣ ಗೇರಿನಲ್ಲಿ, ಕಲ್ಲಿನಿಂದ ಕಲ್ಲಿಗೆ ಗಾಲಿ ಇಳಿಸಿ ಏರಿಸಿ ಹೋದೆವು. ಎರಡೂ ಕಡೆ ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಕೂತಿದ್ದವು. ಹುಟ್ಟಿದಾಗಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡುತ್ತಲೇ ಇದ್ದ ಕಲ್ಲುಗಳು. ಹತ್ತಿರ ಬಂದಾಗ ಕತ್ತೆತ್ತಿ ನೋಡಿದೆ. ಯಾವುದು ಯಾವುದರ ಮೇಲೆ ಯಾವ ಆಧಾರದಲ್ಲಿ ನಿಂತಿದೆ ಎಂಬುದೇ ತಿಳಿಯಲಿಲ್ಲ. ಹಾರ್ನ್ ಹೊಡೆಯುವುದಕ್ಕೂ ಭಯವಾಯಿತು.

ದಾರಿ ತೋರಿಸುವ ಕೆಲಸ ದೊಡ್ಡವ್ವನದು. "ಎಡಕ್ಕ ಹಿಡಿ. ಹಾಂ, ಇಲ್ಲೇ. ಇದರಾಗ ಹಾದು ಹೋದ್ರ ಮುಗೀತು."

ಎದುರಿಗೆ ಎರಡು ಬಂಡೆಗಳ ನಡುವಿನ ಸಂದು. ಒಂದು ಎಮ್ಮೆ ಕಷ್ಟಪಟ್ಟು ನುಗ್ಗಬಹುದು.

"ದೊಡ್ಡವ್ವಾ, ಇದರಾಗ ಜೀಪು ಹಿಡಿಯಂಗಿಲ್ಲ."

"ಹಿಡಿತೈತಿ ತಗೋ. ನಾವು ಬುತ್ತಿ ಹೊತಗೊಂಡು ಹಾಯತಿದ್ವಲ್ಲ? ಸ್ವಲ್ಪ ಅಡ್ಡ ತಿರುಗಿ ಹಾಯಬೇಕು. ಗಾಡಿ ಅಡ್ಡ ತಿರುಗಿಸು."

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಆ ಸಂದಿನಾಚೆ ಹೊಲ ಇದೆ ಎಂಬುದಷ್ಟೇ ಅವಳ ಕಣ್ಣಲ್ಲಿತ್ತು. "ಹಂಗಾರ ಇಲ್ಲಿಗೇ ಮುಗೀತೇನು?" ಎಂದು ಕೇಳಿದಾಗ ಅವಳ ದನಿ ಸಣ್ಣದಾಗಿತ್ತು. ನನ್ನ ನಗು ಅಲ್ಲೇ ಇಂಗಿತು.

ಇಳಿದು ಸುತ್ತ ನೋಡಿ ಬಂದೆ. ಬಲಕ್ಕೆ ಒಂದು ಬೋಳು ಬಂಡೆ, ಗುಡ್ಡದ ಬೆನ್ನೇ ಹೊರಗೆ ಬಂದ ಹಾಗೆ, ಮೇಲಿನವರೆಗೆ ಒಂದೇ ಹಾಸು. ಗಿಡವಿಲ್ಲ, ಹಿಡಿಯಲು ಹುಲ್ಲುಗರಿಯಿಲ್ಲ. ನಾಲ್ಕೂ ಟೈರಿನ ಗಾಳಿ ಸ್ವಲ್ಪ ಸ್ವಲ್ಪ ಬಿಟ್ಟೆ. ಮೆತ್ತಗಾದ ಟೈರು ಕಲ್ಲನ್ನು ಚೆನ್ನಾಗಿ ಹಿಡಿಯುತ್ತದೆ. ದೊಡ್ಡವ್ವ ಕಿಟಕಿಯಿಂದ ಇಣುಕಿ, "ಇದ್ದ ಗಾಳಿನೂ ತಗದ್ಯಾ? ನಿನ್ನ ತೆಲಿ ನೆಟ್ಟಗೈತಿಲ್ಲೋ?" ಎಂದಳು.

"ಬಾಯಿ ಮುಚ್ಚಿ ಹ್ಯಾಂಡಲ್ ಹಿಡಕೋ."

"ಎರಡೂ ಕೈಯಾಗ ಬುತ್ತಿ ಐತಿ."

"ಒಂದು ಕೈಯರ ತಗಿಬೇ!"

"ತಗಿಯಂಗಿಲ್ಲ."

ಸಿಟ್ಟು ನೆತ್ತಿಗೇರಿತು. ಬೆಲ್ಟನ್ನು ಎಳೆದು, ಅವಳನ್ನೂ ಬುತ್ತಿಯನ್ನೂ ಸೇರಿಸಿಯೇ ಬಿಗಿದೆ.

ಬಂಡೆ ಹತ್ತತೊಡಗಿದ ಮೇಲೆ ಮುಂದೆ ಏನೂ ಕಾಣಲಿಲ್ಲ. ಬಾನೆಟ್ಟು, ಅದರಾಚೆ ಬರೀ ಆಕಾಶ. ಜೀಪು ನೆಲದ ಮೇಲಿದೆ ಎಂಬುದಕ್ಕೆ ಸೀಟಿನ ನಡುಕವೊಂದೇ ಗುರುತು. ನಡುವೆ ಹಿಂದಿನ ಗಾಲಿಯೊಂದು ಸರಕ್ಕನೆ ಜಾರಿತು. ಗಾಡಿ ಪಕ್ಕಕ್ಕೆ ವಾಲಿತು, ರಬ್ಬರ್ ಸುಟ್ಟ ವಾಸನೆ ಬಂತು. ಬ್ರೇಕ್ ಒತ್ತಿದರೆ ಹಿಂದಕ್ಕೆ ಜಾರುತ್ತೇವೆ, ಆಕ್ಸಿಲರೇಟರ್ ಒತ್ತಿದರೆ ಗಾಲಿ ಗಿರಗಿರ ತಿರುಗುತ್ತದೆ. ಕಾಲನ್ನು ಇದ್ದಲ್ಲೇ ಇಟ್ಟೆ. ಪಕ್ಕದಲ್ಲಿ ದೊಡ್ಡವ್ವ ಬುತ್ತಿಯನ್ನು ಕೂಸಿನಂತೆ ಅವಚಿಕೊಂಡು, ಆಕಾಶವನ್ನೇ ನೋಡುತ್ತಿದ್ದಳು. ಟೈರು ಎಲ್ಲೋ ಕಲ್ಲು ಕಚ್ಚಿತು. ಜೀಪು ಒಮ್ಮೆ ಕುಲುಕಿ, ಮೆಲ್ಲಗೆ ಮೇಲಕ್ಕೆ ನಡೆಯಿತು.

ಆಮೇಲೆ ಬಾನೆಟ್ಟು ಕೆಳಗಿಳಿಯಿತು, ಭೂಮಿ ಕಂಡಿತು.

ಎಷ್ಟೊಂದು ಭೂಮಿ! ಒಂದು ಕಡೆ ಡ್ಯಾಮಿನ ನೀರು, ಅದಕ್ಕೆ ದಂಡೆಯೇ ಇಲ್ಲವೇನೋ ಅನ್ನುವಂತೆ. ಗಂಗಾವತಿ ಕಡೆಗೆ ಕಾಲುವೆಗಳು, ಕೊಯ್ದ ಗದ್ದೆಗಳು. ಇತ್ತ ಯಲಬುರ್ಗಾದ ಕಡೆಗೆ ಜೋಳ ನಿಂತ ಬಯಲು, ಮಂಜಿನಲ್ಲಿ ಕರಗುವವರೆಗೆ. ಈ ಸೀಮೆಯ ದಾರಿಗಳಲ್ಲಿ ನಾನು ದಿನಾ ಓಡಾಡುತ್ತೇನೆ. ಯಾವ ಊರಿಗೆ ಯಾವ ಬೀಜ ಹೋಗುತ್ತದೆ ಎಂದು ಗೊತ್ತು. ಆದರೆ ಇದೆಲ್ಲ ಒಂದೇ ಮೈ ಎಂದು ಅವತ್ತಿನವರೆಗೆ ನನಗೆ ಅನಿಸಿರಲಿಲ್ಲ. ಕೈ ಮುಗಿದೆ. ಯಾರೂ ಹೇಳಿರಲಿಲ್ಲ, ತಾನಾಗಿ ಮುಗಿಯಿತು.

ಹೊಲ ಪಕ್ಕದಲ್ಲೇ ಇತ್ತು. ಸೊಂಟದೆತ್ತರ ಒಣಹುಲ್ಲು, ಅಂಚಿಗೆ ಬಂಡೆಯ ಕುಳಿಯಲ್ಲಿ ನಿಂತ ಮಳೆನೀರು. ದೊಡ್ಡವ್ವನನ್ನು ಇಳಿಸಿದೆ. ಮೊದಲು ಬುತ್ತಿ ನೆಲ ಮುಟ್ಟಿತು, ಆಮೇಲೆ ಅವಳ ಹಣೆ.

ಕಲಸಿದ ಚರಗದ ಬುಟ್ಟಿಯನ್ನು ಅವಳ ಕೈಗೆ ಕೊಡಹೋದೆ. ಅವಳು ನೀರಿನ ತಂಬಿಗೆಯನ್ನು ತೆಗೆದುಕೊಂಡಳು.

"ನಾ ಹಿಂದಿನಾಕಿ. ನಿಮ್ಮ ದೊಡ್ಡಪ್ಪ ಮುಂದ ಇರತಿದ್ದ. ನೀ ನಡಿ."

ನಡೆದೆ. ಒಂದು ಹಿಡಿ ಚೆಲ್ಲಿ "ಹುಲಿಗ್ಯೋ" ಎಂದೆ. ಅಂಗಡಿಯಲ್ಲಿ ಬಾಯಿ ಮಾಡುವ ನನ್ನ ದನಿ ಅಲ್ಲಿ ಗುಬ್ಬಿಯ ದನಿಯಾಗಿತ್ತು. ಹಿಂದಿನಿಂದ ದೊಡ್ಡವ್ವ ಕೂಗಿದಳು. ಆ ಮುದುಕಿಯೊಳಗೆ ಅಷ್ಟು ಗಂಟಲು ಎಲ್ಲಿತ್ತೋ! ಬಂಡೆಗಳು ಅದನ್ನು ಒಂದರಿಂದ ಒಂದಕ್ಕೆ ದಾಟಿಸಿ, ಗುಡ್ಡದ ಆಚೆ ಬದಿಯಿಂದ ಗಂಡಸಿನ ದನಿಯಷ್ಟು ದಪ್ಪ ಮಾಡಿ ತಿರುಗಿ ಕಳಿಸಿದವು. ಇಬ್ಬರೂ ನಿಂತೆವು. ಅವಳು ಆ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಆಲಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಡಿ, ಇನ್ನಾ ಆ ಮೂಲಿ ಉಳದೈತಿ" ಎಂದಳು. ಮೊಣಕಾಲು ಹಿಡಿದುಕೊಂಡು, ಬೈದುಕೊಂಡು, ಹೊಲದ ನಾಲ್ಕೂ ಮೂಲೆಗೆ ನನ್ನ ಹಿಂದೆ ಬಂದಳು.

ಎಲ್ಲ ಮುಗಿದ ಮೇಲೆ ಜೀಪಿನ ನೆರಳಿನಲ್ಲಿ ಕೂತೆವು. ದೊಡ್ಡವ್ವ ಬುತ್ತಿಯಿಂದ ಒಂದು ಕಡುಬು ತೆಗೆದು, ಹುಲ್ಲಿನ ಕಡೆಗೊಮ್ಮೆ ನೋಡಿದಳು.

"ಉಂಡ್ಲು" ಎಂದು ಹೇಳಿ ಬಾಯಿಗೆ ಹಾಕಿಕೊಂಡಳು.

ಅವಳು ನಿಧಾನವಾಗಿ ಅಗಿಯುವುದನ್ನು ನೋಡುತ್ತ ನಾನು ಹಾಗೇ ಕೂತಿದ್ದೆ. ಇನ್ನೊಂದು ಕಡುಬು ತೆಗೆದು ನನ್ನ ಕೈಯಲ್ಲಿಟ್ಟಳು.

"ಯಾಕ ಅಳತೀಯವ್ವ, ಉಣ್ಣು. ಇನ್ನ ಇಳಿಯೂದೈತಿ."