ಎಣ್ಣೆ ಕುಡಿಯುವ ಗಾಣ

ಹತ್ತು ಗಂಟೆ ಐವತ್ತೆರಡು ನಿಮಿಷಕ್ಕೆ ಸದ್ದು ಬದಲಾಯಿತು. ಗಡಿಯಾರ ನನ್ನ ಕೈಯಲ್ಲೇ ಇದ್ದುದರಿಂದ ಈ ಒಂದು ಸಂಗತಿಯ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದರ ಬಗ್ಗೆ ಇದೆ.

ಅಂದು ಸೋಮವಾರ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬೈಲಹೊಂಗಲ ದಾಟಿ ದೊಡವಾಡದ ಕಡೆ ಇರುವ ನಮ್ಮ ಹೊಲದ ದಾರಿಯಲ್ಲಿ ಚಕ್ಕಡಿ ಅಡ್ಡ ಬರುವುದಿಲ್ಲವೆಂದೇ ಅಣ್ಣ ಆ ದಿನ ಆರಿಸಿಕೊಂಡಿದ್ದ. ಬಾಗಿಲು, ಛಾವಣಿ ಬಿಚ್ಚಿದ ಹಳೆಯ ಜೀಪಿನಲ್ಲಿ ಅವನು ಆ ತುದಿಯಿಂದ ಹೊರಟಿದ್ದ. ಈ ತುದಿಯಲ್ಲಿ ನಾನು ಮತ್ತು ಮಿಸ್ತ್ರಿ. ಎಷ್ಟು ಸೆಕೆಂಡಿಗೆ ಬಂದು ಮುಟ್ಟುತ್ತಾನೆಂದು ನೋಡುವುದು ನನ್ನ ಕೆಲಸ.

ಜೀಪಿಗೆ ಕೂಡಿಸಿದ್ದ ಎಂಜಿನ್ ಪುಣೆಯ ಮೋಡಕಾ ಅಂಗಡಿಯ ಗುಜರಿಯಿಂದ ಬಂದದ್ದು. ಯಾವುದೋ ಪರದೇಶದ ಕಾರಿನದು. ಪಿಸ್ಟನ್ ಇಲ್ಲ. ಎರಡು ಡಬ್ಬಿಗಳೊಳಗೆ ಮೂರು ಮೂಲೆಯ ಒಂದೊಂದು ಕಬ್ಬಿಣದ ಗಡ್ಡೆ ಸುತ್ತುತ್ತದೆ, ಅಷ್ಟೇ. ಮೂಲೆಗೊಂದು ತೆಳುವಾದ ಪಟ್ಟಿ, ಡಬ್ಬಿಯ ಗೋಡೆಗೆ ಒತ್ತಿಕೊಂಡೇ ತಿರುಗುತ್ತದೆ. ಕೊಲ್ಲಾಪುರದ ಕಡೆಯ ಮಣ್ಣಿನ ರೇಸಿಗೆ ಇದನ್ನು ಒಯ್ಯಬೇಕೆಂದು ಅಣ್ಣ ಗಾಳಿ ಒಳಬರುವ ಬಾಯಿಗಳನ್ನು ಒಂದು ತಿಂಗಳು ಅರ ಹಾಕಿ ಅಗಲ ಮಾಡಿದ. ಸವದತ್ತಿ ರಸ್ತೆಯ ಮಿಸ್ತ್ರಿ ಟ್ರ್ಯಾಕ್ಟರ್ ರಿಪೇರಿಯಲ್ಲೇ ತಲೆ ನೆರೆತವನು. ಆ ಸೋಮವಾರಕ್ಕೆ ಕೆಲವು ದಿನ ಮುಂಚೆ, ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿಕೆ ಕಿವಿಗೆ ಇಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದ.

"ಇದು ಎಂಜಿನ್ ಅಲ್ಲ ತಂಗಿ, ಗಾಣ. ಆದ್ರ ಗಾಣ ಎಣ್ಣಿ ಕೊಡತೈತಿ, ಇದು ಕುಡಿಯಾಕತ್ತೈತಿ."

"ನಿಮಗಿಂತ ಕಡಿಮಿ ಕುಡಿತೈತಿ, ಬಿಡ್ರಿ," ಅಂದ ಅಣ್ಣ.

ಮಿಸ್ತ್ರಿ ನಕ್ಕರೂ ಅವನಿಗೆ ಸಮಾಧಾನವಾಗಲಿಲ್ಲ. ಟ್ರ್ಯಾಕ್ಟರ್ ಎಣ್ಣೆ ಸುಟ್ಟು ನೀಲಿ ಹೊಗೆ ಬಿಟ್ಟಿತೆಂದರೆ ಅದು ರೋಗ, ಕಟ್ಟಿದವನಿಗೆ ಅವಮಾನ. ಎಂಜಿನ್ನಿನೊಳಕ್ಕೆ ಎಣ್ಣೆ ತೊಟ್ಟಿಕ್ಕಿಸುವ ಸಣ್ಣ ನಳಿಗೆಯನ್ನು ಅವನು ಹುಡುಕಿದ. "ರೋಗ ಇಲ್ಲೈತಿ ನೋಡು. ಪುಸ್ತಕದಾಗ ಏನ್ ಬರದಾರ?"

ಬಿ.ಎಸ್ಸಿ. ಮುಗಿಸಿದ ನನಗೆ ಇಂಗ್ಲಿಷ್ ಬರುತ್ತದೆಂದು ಎಂಜಿನ್ನಿನ ಪುಸ್ತಕದ ಜೆರಾಕ್ಸ್ ಪುಟಗಳು ನನ್ನ ಬಳಿಯೇ ಇದ್ದವು. "ಪಟ್ಟಿ ಒಣಗಬಾರದಂತ ಸ್ವಲ್ಪ ಎಣ್ಣಿ ಒಳಗ ಹೋಗಬೇಕಂತ್ರಿ," ಅಂದೆ. ಇಲ್ಲಿಯವರೆಗೆ ಸ್ಪಷ್ಟವಾಗಿ ನೆನಪಿದೆ. ಮುಂದಿನ ಸಾಲು ಹೀಗಿತ್ತು: ನಳಿಗೆ ಮುಚ್ಚುವುದಾದರೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಅದನ್ನು ಕಣ್ಣಿನಿಂದ ಓದಿದ್ದು ಖಂಡಿತ. ಬಾಯಿಬಿಟ್ಟು ಹೇಳಿದೆನೇ? ಕೆಲವೊಮ್ಮೆ ಹೇಳಿದ್ದು ಕಾಣುತ್ತದೆ, ಅಣ್ಣ ಹೂಂಗುಟ್ಟಿದ್ದೂ ಕಾಣುತ್ತದೆ. ಕೆಲವೊಮ್ಮೆ ನಾನು ಪುಟ ಮಡಚುತ್ತಿದ್ದೇನೆ, ಅಷ್ಟೇ. ಮಿಸ್ತ್ರಿ ತನ್ನ ಅನುಭವವನ್ನೇ ನಂಬಿ ನಳಿಗೆಗೆ ಬಿರಡೆ ಬಡಿದ. ಹೊಗೆ ನಿಂತಿತು. ಮೂವರೂ ಚಹಾ ಕುಡಿದೆವು.

ಸೋಮವಾರ ಆ ಎಂಜಿನ್ ಹೆಜ್ಜೇನಿನ ಹಿಂಡಿನಂತೆ ಗುಂಯ್ಯೆನ್ನುತ್ತ ಬಂತು. ಒಮ್ಮೆಲೇ ಕಟಕಟ ಅಂದಿತು. ಹಿಂದಿನ ಗಾಲಿಗಳು ತಿರುಗುವುದನ್ನೇ ಬಿಟ್ಟವು. ಜೀಪು ಅಡ್ಡಡ್ಡ ಜಾರಿ, ಹೊಲದ ಒಡ್ಡಿಗೆ ಬಡಿದು ಮಗುಚಿತು. ಅಣ್ಣನ ಬಲಗಾಲು ಕೆಳಗೆ. ಟಾಕಿಯಿಂದ ಪೆಟ್ರೋಲ್ ಹನಿಯುತ್ತಿತ್ತು. ಅಲ್ಲಿಂದ ಎರಡು ಗೇಣು ದೂರದಲ್ಲಿ ಹೊಗೆಯ ಕೊಳವೆ ಹಗಲಲ್ಲೂ ಕೆಂಪಗೆ ಕಾಣುತ್ತಿತ್ತು.

ನಾನು ನೀರಿನ ಕೊಡ ತರಲು ಓಡಿದೆ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆಂದು ಪರೀಕ್ಷೆಯಲ್ಲಿ ಬರೆದು ಬಂದವಳು ನಾನು.

"ನೀರ ಬ್ಯಾಡ! ಮಣ್ಣ ಹಾಕು, ಮಣ್ಣ!" ಎಂದು ಮಿಸ್ತ್ರಿ ಕೂಗಿದ. ಬೊಗಸೆ ಬೊಗಸೆ ಕರಿಮಣ್ಣು ಎತ್ತಿ ಕೊಳವೆಯ ಮೇಲೆ ಸುರಿಯುತ್ತಿದ್ದ. ನಾನೂ ಸುರಿದೆನಂತೆ. ಅಣ್ಣನ ತಲೆ ಎತ್ತಿ ಹಿಡಿದೆನಂತೆ. ನನಗೆ ನೆನಪಿರುವುದು ಕೊಡ ಮಾತ್ರ. ದಾರಿ ಖಾಲಿ ಇರಲೆಂದು ಬೇಡಿದ್ದೆವು, ಖಾಲಿಯೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಕುರಿ ಕಾಯುವವರಿಬ್ಬರು ಬಂದು ಜೀಪು ಎತ್ತಲು ಕೈಹಚ್ಚಿದರು.

ಬೆಂಕಿ ಹತ್ತಲಿಲ್ಲ. ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಮೊದಲಿನಂತೆ ನಡೆಯುತ್ತಾನೋ ಇಲ್ಲವೋ ಈಗಲೇ ಹೇಳಲಾಗದೆಂದು ಬೆಳಗಾವಿಯ ಡಾಕ್ಟರು ಅಂದರು.

ಮಿಸ್ತ್ರಿ ಎಂಜಿನ್ ಬಿಚ್ಚಿ, ಅರಿವೆಯಲ್ಲಿ ಸುತ್ತಿದ ಪಟ್ಟಿಗಳನ್ನು ಮನೆಗೆ ತಂದ. ಒಂದು ಪಟ್ಟಿ ಮೂರು ತುಂಡಾಗಿತ್ತು, ಉಳಿದವು ಕಾವಿಗೆ ನೀಲಿಗಟ್ಟಿದ್ದವು. "ಒಣಾ ಓಡೇತಿ. ಆದ್ರ ಮುರದದ್ರಾಗ ಹಳೇ ಸೀಳೂ ಐತಿ. ಯಾವುದು ಮೊದಲು, ಯಾವುದು ಹಿಂದ, ನನಗ ತಿಳಿವಲ್ದು," ಅಂದ. ಅವ್ವ ಕೊಟ್ಟ ಚಹಾ ಮುಟ್ಟದೆ ಎದ್ದುಹೋದ.

ನನಗೂ ತಿಳಿಯಲಿಲ್ಲ. ಹಳೆಯ ಸೀಳೇ ಕಾರಣವಾದರೆ ನನ್ನ ತಪ್ಪಿಲ್ಲ. ಎಣ್ಣೆಯಿಲ್ಲದ್ದೇ ಕಾರಣವಾದರೆ, ಆ ಒಂದು ಸಾಲು. ಮಲಗಿದರೆ ಕಟಕಟ ಸದ್ದು, ಎದ್ದು ಕೂಡುತ್ತಿದ್ದೆ. ಪಡಸಾಲೆಯಲ್ಲಿ ಅಣ್ಣನ ಮಂಚವೂ ಕಿರುಗುಡುತ್ತಿತ್ತು. ಇಬ್ಬರೂ ಎಚ್ಚರವಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ.

ಹೀಗೆ ಐದು ತಿಂಗಳು. ಪ್ಲಾಸ್ಟರ್ ತೆಗೆದು ಕೆಲವು ವಾರವಾದ ಮೇಲೆ, ಒಂದು ಮುಂಜಾನೆ ಅಣ್ಣ ಕೋಲೂರಿಕೊಂಡು ಅಂಗಳಕ್ಕೆ ಬಂದು ಕಟ್ಟೆಯ ಮೇಲೆ ಕುಳಿತ. ಕಾಲು ಸೊಟ್ಟಗೆ ಬೀಳುತ್ತಿತ್ತು. ಅದನ್ನು ನೋಡಲಾಗದೆ ಕೇಳಿಬಿಟ್ಟೆ. "ಅಣ್ಣಾ, ಪೆಟ್ರೋಲಿನಾಗ ಎಣ್ಣಿ ಬೆರಸಬೇಕಂತ ಅವತ್ತ ನಾ ಹೇಳಿದ್ನೇನು?"

ಅವನು ಕೋಲನ್ನು ಗೋಡೆಗೆ ಒರಗಿಸಿದ. "ನನಗೂ ನೆನಪಾಗವಲ್ದವ್ವಾ. ನಿನ್ನ ಕೇಳಬೇಕಂತ ಮಾಡಿದ್ದೆ. ನೀ ಹೇಳೇನಿ ಅಂದ್ರ ತಪ್ಪೆಲ್ಲಾ ನಂದಾಗತೈತಿ. ಅದಕ್ಕ ಕೇಳಲಿಲ್ಲ."

"ಹೇಳಿದ್ರ ನೀ ಬೆರಸ್ತಿದ್ದೇನು?"

"ಎಲ್ಲಿ ಬೆರಸ್ತೀನಿ? ಬೆರಸಿದ್ರ ಮತ್ತ ಹೊಗಿ! ಹೊಗಿ ಬ್ಯಾಡಂತಲ್ಲೇನು ಬಿರಡಿ ಬಡದದ್ದು?" ಎಂದು ನಕ್ಕ. ನಕ್ಕದ್ದಕ್ಕೆ ತೊಡೆ ನೋಯಿತೆಂದು ನನ್ನನ್ನೇ ಬೈದ.

ಅದು ನಿಜವೋ, ನನಗಾಗಿ ಹೇಳಿದ್ದೋ, ಈಗಲೂ ತಿಳಿಯದು. ಆದರೆ ಐದು ತಿಂಗಳು ಅವನೂ ಅದೇ ಸಾಲನ್ನು ನನ್ನ ಬಾಯಿಂದ ಕೇಳಲು ಹೆದರುತ್ತಿದ್ದನೆಂಬುದು ತಿಳಿಯಿತು. ಅಂದು ರಾತ್ರಿ ಊಟವಾದ ಮೇಲೆ ಮಲಗಿದ್ದು ಗೊತ್ತು, ನಡುವೆ ಎದ್ದದ್ದಿಲ್ಲ. ಬಿಸಿಲು ಪಡಸಾಲೆಯ ನಡುವಿಗೆ ಬಂದಾಗ ಅವ್ವ ಇಬ್ಬರ ಹಚ್ಚಡವನ್ನೂ ಎಳೆದು ಬೈಯುತ್ತಿದ್ದಳು: "ಏಳ್ರೋ, ಹಾಲಿನವ ಬಂದು ಹ್ವಾದ. ಅಣ್ಣಾ ತಂಗಿ ಪೈಪೋಟಿ ಮ್ಯಾಲೆ ಮಲಗೀರೇನು?"